ಆನೆದಾರಿಯ ಜಗಳವನ್ನು ಬೇಲಿ ಹಾಕುವ ಮೊದಲೇ ಬಗೆಹರಿಸುವುದು ಹೇಗೆ: ತಾಳವಾಡಿ ಕಡೆಯಿಂದ ಒಂದು ಕೈಪಿಡಿ

ಎರಡು ವರ್ಷದ ಕೆಳಗೆ ನಮ್ಮ ಊರಿನಲ್ಲಿ ಒಬ್ಬರು ತಮ್ಮ ನಾಲ್ಕು ಎಕರೆಗೆ ಸೋಲಾರ್ ಬೇಲಿ ಹಾಕಿಸಿದರು. ಬೇಲಿ ಗಟ್ಟಿಯಾಗಿತ್ತು, ಅವರ ಎಲೆಕೋಸು ಉಳಿಯಿತು. ಆ ಕಾರ್ತಿಕದಲ್ಲಿ ಅವರ ಹೊಲದ ಎರಡೂ ಬದಿಯವರ ರಾಗಿ ಆನೆಯ ಕಾಲಿಗೆ ಹೋಯಿತು. ಮೂರು ಮನೆಗಳ ನಡುವೆ ಮಾತು ನಿಂತಿತು, ಒಂದು ಮದುವೆಗೆ ಕರೆಯೋಲೆ ಹೋಗಲಿಲ್ಲ, ಬೋರ್‌ವೆಲ್ ನೀರು ಹಂಚಿಕೊಳ್ಳುತ್ತಿದ್ದವರು ಪೈಪು ಕಿತ್ತುಕೊಂಡರು. ಆನೆಗಳು ಮಾತ್ರ ಐವತ್ತು ಗಜ ಸರಿದು ಎಂದಿನಂತೆ ಓಡಾಡಿಕೊಂಡಿದ್ದವು.

ಆ ಜಗಳ ಬಿಡಿಸಲು ಕೂತವರಲ್ಲಿ ನಾನೂ ಒಬ್ಬ. ಆಮೇಲೆ ಇನ್ನೂ ಕೆಲವು ಪಂಚಾಯಿತಿಗಳಲ್ಲಿ ಕೂತಿದ್ದೇನೆ. ಕೆಲವು ಬಗೆಹರಿದವು, ಕೆಲವು ನಮ್ಮ ಅವಸರದಿಂದಲೇ ಕೆಟ್ಟವು. ಅಲ್ಲಿ ಕಲಿತದ್ದನ್ನು ಕೆಲಸದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ಕನ್ನಡದ ಸೀಮೆ. ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವು ಹತ್ತಿ ಬಂದರೆ ಸಿಗುವ ಎತ್ತರದ ಬಯಲು. ಈಶಾನ್ಯಕ್ಕೆ ಬಿಳಿಗಿರಿರಂಗನ ಬೆಟ್ಟ, ಪಶ್ಚಿಮಕ್ಕೆ ಬಂಡೀಪುರ, ದಕ್ಷಿಣಕ್ಕೆ ತಲಮಲೆ ಕಾಡು, ಅದರಾಚೆ ಮೋಯಾರ್ ಕಣಿವೆ. ಸತ್ಯಮಂಗಲದ ಕಾಡು 2008ರಲ್ಲಿ ಅಭಯಾರಣ್ಯವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆನೆಗೆ ಇವೆಲ್ಲ ಒಂದೇ ಮನೆಯ ಕೋಣೆಗಳು. ಕೋಣೆಯಿಂದ ಕೋಣೆಗೆ ಹೋಗುವ ನಡುಮನೆಯಲ್ಲಿ ನಾವು ಉಳುಮೆ ಮಾಡುತ್ತಿದ್ದೇವೆ. ತಳಿ, ಡೆಂಕಣಿಕೋಟೆ, ಹೊಸೂರು ಕಡೆಯವರ ಕಥೆಯೂ ಬಹುಮಟ್ಟಿಗೆ ಇದೇ. ಅಲ್ಲಿ ರಾಗಿ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಹಿಂಡುಗಳು ಇಳಿಯುತ್ತವೆ. ಹೆಸರು ಬದಲಿಸಿಕೊಂಡರೆ ಈ ಕೈಪಿಡಿ ಅವರಿಗೂ ಆದೀತು.

ಮೊದಲು ಜಗಳದ ಎಳೆಗಳನ್ನು ಬಿಡಿಸಿ

"ಆನೆ ಸಮಸ್ಯೆ" ಎಂದು ಸಭೆ ಕರೆದರೆ ಸಭೆ ಹಾಳು. ಒಬ್ಬ ಬೆಳೆ ಪರಿಹಾರದ ಬಗ್ಗೆ ಮಾತನಾಡುತ್ತಾನೆ, ಇನ್ನೊಬ್ಬ ಭೂಮಿ ಕಿತ್ತುಕೊಳ್ಳುತ್ತಾರೆ ಎನ್ನುತ್ತಾನೆ, ಮೂರನೆಯವನಿಗೆ ರಾತ್ರಿ ಲಾರಿ ಬಿಡುತ್ತಿಲ್ಲ ಎಂಬ ಸಿಟ್ಟು. ಮೂರೂ ನಿಜ, ಆದರೆ ಮೂರಕ್ಕೂ ಉತ್ತರ ಕೊಡಬೇಕಾದವರು ಬೇರೆ ಬೇರೆ. ಆದ್ದರಿಂದ ಮೊದಲ ದಿನ ಒಂದು ಹಾಳೆಯಲ್ಲಿ ಮೂರು ಕಲಂ ಹಾಕಿ: ಭೂಮಿಯ ಭಯ, ಬೆಳೆಯ ನಷ್ಟ, ನೆರೆಯವರ ಬೇಲಿ. ಪ್ರತಿಯೊಬ್ಬರ ದೂರನ್ನೂ ಯಾವುದಾದರೂ ಒಂದು ಕಲಂಗೆ ಸೇರಿಸಿ. ಯಾವುದಕ್ಕೂ ಸೇರದ ದೂರುಗಳನ್ನು ಹಾಳೆಯ ಹಿಂಬದಿಗೆ ಬರೆಯಿರಿ. ಹಳೆಯ ಬದುವಿನ ವ್ಯಾಜ್ಯ, ಚುನಾವಣೆಯ ಹಗೆ ಎಲ್ಲ ಅಲ್ಲಿಗೆ ಹೋಗುತ್ತವೆ. ಹಿಂಬದಿ ಬೇಗ ತುಂಬುತ್ತದೆ, ಗಾಬರಿಯಾಗಬೇಡಿ.

ಭೂಮಿಯ ಭಯವನ್ನು ಮೊದಲು ಎತ್ತಿಕೊಳ್ಳಿ. ಅದು ಇಳಿಯದೆ ಉಳಿದ ಮಾತು ಯಾರ ಕಿವಿಗೂ ಹೋಗುವುದಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ಹೊರಡಿಸಿದ ವರದಿ ದೇಶದಲ್ಲಿ ಆನೆ ಕಾಡಿನಿಂದ ಕಾಡಿಗೆ ದಾಟುವ ದಾರಿಗಳನ್ನು, ಅಂದರೆ 150 ಆನೆ ಕಾರಿಡಾರ್‌ಗಳನ್ನು ಪಟ್ಟಿ ಮಾಡಿದೆ. ತಮಿಳುನಾಡಿನ ಕರಡು ವರದಿ 2024ರಲ್ಲಿ ಬಂತು, ಅದರಲ್ಲಿ 42 ಇದ್ದವು. ಇಂಗ್ಲಿಷ್‌ನಲ್ಲಿ ಬಂದ ಆ ಕರಡಿಗೆ ಆಕ್ಷೇಪಣೆ ಸಲ್ಲಿಸಲು ಕೊಟ್ಟದ್ದು ಕೆಲವೇ ದಿನ. ಗೂಡಲೂರು, ಪಂದಲೂರು ಕಡೆ ಜನ ಬೀದಿಗಿಳಿದರು. ಇಳಿಯದೆ ಇನ್ನೇನು ಮಾಡುತ್ತಾರೆ? ತಮ್ಮ ಮನೆಯ ಮೇಲೆ ಗೆರೆ ಎಳೆದಿದ್ದಾರೆಯೇ ಎಂದು ಓದಿಕೊಳ್ಳಲೂ ಆಗದ ಭಾಷೆಯಲ್ಲಿ ನಕ್ಷೆ ಬಂದರೆ ಯಾರಿಗಾದರೂ ಎದೆ ನಡುಗುತ್ತದೆ. ನಮ್ಮಲ್ಲಂತೂ ಇನ್ನೊಂದು ಪದರವಿದೆ. ಕಚೇರಿಯ ಕಾಗದ ತಮಿಳಿನಲ್ಲಿ, ವರದಿ ಇಂಗ್ಲಿಷಿನಲ್ಲಿ, ಹೊಲದವನ ಮಾತು ಕನ್ನಡದಲ್ಲಿ.

ಆದ್ದರಿಂದ ಸಭೆಯಲ್ಲಿ ಮೂರೂ ಬಲ್ಲ ಒಬ್ಬರನ್ನು ಕೂರಿಸಿ ಇಷ್ಟನ್ನು ಸ್ಪಷ್ಟವಾಗಿ ಹೇಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶ ಎಂಬ ವರ್ಗಗಳಿವೆಯೇ ಹೊರತು "ಆನೆ ಕಾರಿಡಾರ್" ಎಂಬ ಪ್ರತ್ಯೇಕ ವರ್ಗವಿಲ್ಲ. ವರದಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಪಟ್ಟಾ (ಜಮೀನಿನ ಹಕ್ಕುಪತ್ರ) ರದ್ದಾಗುವುದಿಲ್ಲ. ಹಾಗೆಂದು ಏನೂ ಆಗುವುದಿಲ್ಲ ಎಂದು ಭರವಸೆ ಕೊಡುವುದೂ ತಪ್ಪು. ಒಂದು ಹುಲಿ ಪ್ರದೇಶವನ್ನು ಇನ್ನೊಂದಕ್ಕೆ ಜೋಡಿಸುವ ಜಾಗಗಳನ್ನು ಮನಬಂದಂತೆ ಬೇರೆ ಬಳಕೆಗೆ ಕೊಡಬಾರದು ಎಂದು ಅದೇ ಕಾಯ್ದೆ ಹೇಳುತ್ತದೆ. ನೀಲಗಿರಿಯ ಸೀಗೂರಿನಲ್ಲಿ ಸರ್ಕಾರ 2010ರಲ್ಲಿ ಆದೇಶ ಹೊರಡಿಸಿ ಕಾರಿಡಾರ್ ಗುರುತಿಸಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್, 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದವು. ಆಕ್ಷೇಪಣೆಗಳನ್ನು ಕೇಳಲು ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದ ಸಮಿತಿಯೂ ಆಯಿತು. ಅಲ್ಲಿ ಮುಖ್ಯವಾಗಿ ಪೆಟ್ಟು ಬಿದ್ದದ್ದು ರೆಸಾರ್ಟ್‌ಗಳಿಗೆ. ಹೊಲ ಉಳುವವನಿಗೂ ರೆಸಾರ್ಟ್ ಕಟ್ಟಿದವನಿಗೂ ಕಾನೂನಿನ ಮುಂದೆ ಇರುವ ಅಂತರವನ್ನು ಜನರಿಗೆ ಹೇಳದಿದ್ದರೆ, ರೆಸಾರ್ಟಿನವರೇ ಬಂದು "ನಾವೆಲ್ಲ ಒಂದೇ" ಎಂದು ಹೇಳುತ್ತಾರೆ. ನಾನು ಕೇಳಿದ್ದೇನೆ.

ಸರ್ಕಾರದ ನಕ್ಷೆಗೆ ಮೊದಲು ನಿಮ್ಮ ನಕ್ಷೆ

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದು. ದೇಶದ ಪಟ್ಟಿಗಳಲ್ಲಿ ಚಾಮರಾಜನಗರ–ತಲಮಲೆ ದಾರಿ ಪುಣಜನೂರಿನ ಬಳಿ ಒಂದು, ಮುದ್ದಹಳ್ಳಿಯ ಬಳಿ ಇನ್ನೊಂದು ಎಂದು ಬರುತ್ತದೆ. ದೂರದಿಂದ ನೋಡಿದವರಿಗೆ ಅಷ್ಟು ಸಾಕು. ಆದರೆ ಯಾರ ಬದುವಿನ ಮೇಲೆ ಆನೆ ಕಾಲಿಡುತ್ತದೆ ಎಂಬುದು ಅಲ್ಲಿ ಇರುವುದಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು.

ವರ್ಷಕ್ಕೆ ಮೂರು ಸಲ ನಡೆಯಿರಿ: ಮುಂಗಾರು ಹಿಡಿದ ಮೇಲೆ, ರಾಗಿ ತೆನೆ ಹಾಲುಗಟ್ಟುವಾಗ, ಬೇಸಿಗೆಯಲ್ಲಿ ಕಾಡಿನ ಹಳ್ಳಗಳು ಬತ್ತಿದಾಗ. ಒಂದೇ ಸಲ ನಡೆದು ಗೆರೆ ಎಳೆದರೆ ಅದು ಆ ತಿಂಗಳ ದಾರಿ ಮಾತ್ರ. ಜೊತೆಗೆ ಯಾರಿರಬೇಕು ಎಂಬುದು ಮುಖ್ಯ. ಹೊಲದ ಯಜಮಾನರು ಬಂದರೆ ಸಾಲದು. ಅವರಲ್ಲಿ ಅರ್ಧ ಜನ ರಾತ್ರಿ ಮನೆಯಲ್ಲಿ ಮಲಗುತ್ತಾರೆ. ಅಟ್ಟಣೆಯ ಮೇಲೆ ಕಾವಲು ಕೂರುವ ಕೂಲಿಯವರು, ದನ ಮೇಯಿಸುವವರು, ಬೆಳಗಿನ ಜಾವ ಸೌದೆಗೆ ಹೋಗುವ ಹೆಂಗಸರು, ಕಾಡಿನ ಬುಡಕಟ್ಟಿನವರಾದ ಸೋಲಿಗರು, ಊರಾಳಿಗಳು ಬರಬೇಕು. ನಮ್ಮ ಮೊದಲ ನಡಿಗೆಯಲ್ಲಿ ಇವರಲ್ಲಿ ಯಾರೂ ಇರಲಿಲ್ಲ. ಹೊಲದ ಗೌಡರು ತೋರಿಸಿದ ದಾರಿಗಳೆಲ್ಲ ವಿಚಿತ್ರವಾಗಿ ಅವರಿಗೆ ಆಗದವರ ಹೊಲದಲ್ಲೇ ಹಾದುಹೋಗಿದ್ದವು!

ಎರಡನೆಯ ಸಲ ಸೋಲಿಗರ ಒಬ್ಬ ತಾತ ಬಂದಿದ್ದರು. ಕೆರೆಯ ಹಿಂದಿನ ಓಣಿಯಲ್ಲಿ ಲದ್ದಿ ಬಿದ್ದಿತ್ತು. ಅವರು ಕೋಲಿನಿಂದ ಬಿಡಿಸಿ ನೋಡಿದರು. ಒಳಗೆ ರಾಗಿಯ ಸಿಪ್ಪೆ.

"ತಾತ, ಇದು ನಿನ್ನೆ ರಾತ್ರಿಯದೇ?" ಎಂದು ಕೇಳಿದೆ.

"ಲದ್ದಿ ರಾತ್ರಿಯದು. ರಾಗಿ ಅದಕ್ಕಿಂತ ಹಿಂದಿನ ದಿನದ್ದು. ಆನೆಯ ಹೊಟ್ಟೆಯಲ್ಲಿ ಮೇವು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಇರುತ್ತದೆ ಸ್ವಾಮಿ. ಈಗ ಹೇಳಿ, ನಿಮ್ಮ ಊರಿನಲ್ಲಿ ರಾಗಿ ಬಲಿತಿದೆಯೇ?"

ಬಲಿತಿರಲಿಲ್ಲ. ಆ ವರ್ಷ ನಮ್ಮಲ್ಲಿ ಮಳೆ ತಡವಾಗಿ ಬಿತ್ತನೆ ಹಿಂದೆ ಬಿದ್ದಿತ್ತು. ಗಡಿಯಾಚೆ, ಚಾಮರಾಜನಗರದ ಕಡೆ, ಮುಂಚೆ ಬಿತ್ತಿದವರ ರಾಗಿ ಕೊಯ್ಲಿಗೆ ಬಂದಿತ್ತು. ಅಲ್ಲಿಯ ತನಕ "ನಮ್ಮ ಆನೆ", "ಅವರ ಆನೆ" ಎಂದು ಮಾತನಾಡುತ್ತಿದ್ದವರು ಆ ಲದ್ದಿಯ ಸುತ್ತ ಸುಮ್ಮನೆ ನಿಂತರು.

ಇನ್ನೊಂದು ಉಪಾಯ ಮಕ್ಕಳಿಗೂ ಕಲಿಸಬಹುದು. ಮುಂಗಾಲಿನ ಹೆಜ್ಜೆಗುರುತಿನ ಸುತ್ತಳತೆಯನ್ನು ಹಗ್ಗದಿಂದ ಅಳೆದು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಆನೆಯ ಭುಜದ ಎತ್ತರ ಸಿಗುತ್ತದೆ. ನಾಲ್ಕೂವರೆ ಅಡಿ ಸುತ್ತಳತೆ ಬಂದರೆ ಒಂಬತ್ತು ಅಡಿಯ ಆನೆ, ಹೆಚ್ಚಾಗಿ ಗಂಡು. ಅದರ ಪಕ್ಕ ಚಿಕ್ಕ ದೊಡ್ಡ ಹೆಜ್ಜೆಗಳು ಬೆರೆತಿದ್ದರೆ ಮರಿಗಳಿರುವ ಹಿಂಡು. ಈ ವ್ಯತ್ಯಾಸವನ್ನು ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಗುರುತು ಮಾಡಿ. ಹಿಂಡು ತಲೆಮಾರುಗಳಿಂದ ಬಂದ ದಾರಿ ಹಿಡಿದು ಹಿರಿಯ ಹೆಣ್ಣಾನೆಯ ಹಿಂದೆ ಹೋಗುತ್ತದೆ. ಬೆಳೆಯ ರುಚಿ ಹಿಡಿದ ಒಂಟಿ ಸಲಗದ ನಡೆ ಬೇರೆ. 2023ರ ಏಪ್ರಿಲ್‌ನಲ್ಲಿ ತಾಳವಾಡಿ ಸುತ್ತ "ಕರುಪ್ಪನ್" ಎಂದು ಹೆಸರಾಗಿದ್ದ ಸಲಗವನ್ನು ಹಲವು ವಿಫಲ ಪ್ರಯತ್ನಗಳ ನಂತರ ಅರಿವಳಿಕೆ ಕೊಟ್ಟು ಹಿಡಿದರು. ಅಂಥ ಆನೆಯನ್ನು ಹಿಡಿಯಬೇಕೆಂದು ಕೇಳುವುದು ನ್ಯಾಯವೇ. ಆದರೆ ಸಲಗದ ಸಿಟ್ಟನ್ನು ಹಿಂಡಿನ ದಾರಿಯ ಮೇಲೆ ತೀರಿಸಿಕೊಂಡರೆ ದಾರಿ ತಪ್ಪಿದ ಹಿಂಡು ಮೂರು ಊರಿಗೆ ಹರಡುತ್ತದೆ.

ನಡೆದ ಮೇಲೆ ಗುರುತುಗಳನ್ನು ಎಫ್.ಎಂ.ಬಿ. ನಕ್ಷೆಯ (ಸರ್ವೆಯವರ ಹೊಲದ ಅಳತೆ ನಕ್ಷೆ) ಮೇಲೆ ಸರ್ವೆ ನಂಬರ್ ಪ್ರಕಾರ ಇಳಿಸಿ. ಮೊಬೈಲಿನಲ್ಲಿ ತೆಗೆದ ಚಿತ್ರಗಳಿಗೆ ದಿನಾಂಕ, ಜಾಗ ಸೇರಿರಲಿ. ಮುಂದೆ ಯಾವ ಕರಡು ವರದಿ ಬಂದರೂ "ನಮಗೆ ಒಪ್ಪಿಗೆ ಇಲ್ಲ" ಎಂಬ ಒಂದು ಸಾಲಿನ ಅರ್ಜಿಗಿಂತ "ಇಂಥ ಸರ್ವೆ ನಂಬರಿನಲ್ಲಿ ಐದು ವರ್ಷದಿಂದ ಆನೆ ನಡೆದಿಲ್ಲ, ದಾರಿ ಇರುವುದು ಇಂಥ ಹಳ್ಳದ ಗುಂಟ" ಎಂಬ ಅರ್ಜಿಗೆ ತೂಕ ಹೆಚ್ಚು.

ಎಲ್ಲಿ ಕೂರಬೇಕು, ಯಾರು ಮೊದಲು ಮಾತನಾಡಬೇಕು

ಅರಣ್ಯ ಕಚೇರಿಯಲ್ಲಿ ಮೊದಲ ಸಭೆ ಬೇಡ. ಅಲ್ಲಿ ರೈತ ಅರ್ಜಿದಾರನಾಗಿಬಿಡುತ್ತಾನೆ. ಊರಿನ ಪ್ರಬಲರ ಮನೆಯ ಜಗಲಿಯೂ ಬೇಡ. ಕೆಲವರು ಮೆಟ್ಟಿಲು ಹತ್ತುವುದಿಲ್ಲ, ಕೆಲವರನ್ನು ಹತ್ತಿಸುವುದಿಲ್ಲ. ಶಾಲೆಯ ಅಂಗಳ, ಅರಳಿಕಟ್ಟೆ ಆದೀತು. ಸಂಜೆ ಇಟ್ಟರೆ ಕಾವಲಿಗೆ ಹೋಗುವವರು ತಪ್ಪಿಸಿಕೊಳ್ಳುತ್ತಾರೆ, ಹನ್ನೊಂದರ ಹೊತ್ತಿಗೆ ಇಡಿ.

ಆ ವರ್ಷ ಅತಿ ಹೆಚ್ಚು ಕಳೆದುಕೊಂಡವರು ಮೊದಲು ಮಾತನಾಡಲಿ, ಯಾರೂ ನಡುವೆ ಬಾಯಿ ಹಾಕದಿರಲಿ. ಆನೆಯ ಕಾಲಿಗೆ ಸಿಕ್ಕು ಮನೆಯವರನ್ನು ಕಳೆದುಕೊಂಡ ಕುಟುಂಬವಿದ್ದರೆ ಅವರನ್ನು ಸಭೆಗೆ ಎಳೆಯಬೇಡಿ. ಇಬ್ಬರು ಹಿರಿಯರು ಮನೆಗೇ ಹೋಗಿ ಕೇಳಿಕೊಂಡು ಬನ್ನಿ. ಅರಣ್ಯ ಇಲಾಖೆಯವರನ್ನು ಎರಡನೆಯ ಸಭೆಗೆ ಕರೆಯಿರಿ. ರೇಂಜರ್ ಒಬ್ಬರೇ ಬಂದರೆ ಸಾಲದು, ಆ ಬೀಟಿನ ಗಾರ್ಡ್ ಮತ್ತು ವಾಚರ್ ಇರಬೇಕು. ರಾತ್ರಿ ನಿಮ್ಮ ಫೋನ್ ಎತ್ತುವವರು ಅವರೇ. ವಾಚರ್‌ಗಳು ಬಹುಪಾಲು ಸುತ್ತಮುತ್ತಲಿನ ಊರು, ಹಾಡಿಗಳವರು; ಎರಡೂ ಕಡೆಯ ಬೈಗುಳ ಅವರ ಪಾಲಿಗೆ ಬರುತ್ತದೆ.

ಗಡಿಯಾಚೆಯವರನ್ನು ಮರೆತರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಕರ್ನಾಟಕದ ಸಿಬ್ಬಂದಿ ಒಂದು ರಾತ್ರಿ ಹಿಂಡನ್ನು ಇತ್ತ ಅಟ್ಟುತ್ತಾರೆ, ಮಾರನೆಯ ರಾತ್ರಿ ತಮಿಳುನಾಡಿನವರು ಅತ್ತ ಅಟ್ಟುತ್ತಾರೆ. ನಡುವೆ ಹಿಂಡು ಹಸಿದು, ಮರಿಗಳನ್ನು ಕಾಯುತ್ತಾ, ಇನ್ನಷ್ಟು ಕೆರಳುತ್ತದೆ. ಎರಡೂ ವಲಯಗಳ ಕೆಳಹಂತದ ಸಿಬ್ಬಂದಿ ಒಬ್ಬರಿಗೊಬ್ಬರ ನಂಬರ್ ಇಟ್ಟುಕೊಂಡಿದ್ದಾರೆಯೇ ಎಂದು ನೇರವಾಗಿ ಕೇಳಿ. ನಾವು ಕೇಳಿದ ದಿನ ಇಟ್ಟುಕೊಂಡಿರಲಿಲ್ಲ. ಸಭೆಯಲ್ಲೇ ಕೊಟ್ಟುಕೊಂಡರು. ಆ ಮಧ್ಯಾಹ್ನದ ದೊಡ್ಡ ಸಾಧನೆ ಅದೊಂದೇ, ಮತ್ತು ಅದು ಸಣ್ಣದಲ್ಲ. ನಡಾವಳಿಯನ್ನು ಕನ್ನಡ, ತಮಿಳು ಎರಡರಲ್ಲೂ ಬರೆದು ಅಲ್ಲೇ ಗಟ್ಟಿಯಾಗಿ ಓದಿ, ಆಮೇಲೆ ಸಹಿ.

ಬೇಲಿ

ಇಲ್ಲಿ ನಿಧಾನವಾಗಿ ಹೋಗಬೇಕು, ಏಕೆಂದರೆ ಮನೆ ಒಡೆಯುವುದು ಇಲ್ಲಿಯೇ.

ಒಬ್ಬನ ಬೇಲಿ ಆನೆಯನ್ನು ನಿಲ್ಲಿಸುವುದಿಲ್ಲ, ತಿರುಗಿಸುತ್ತದೆ. ಎಲ್ಲಿಗೆ ತಿರುಗುತ್ತದೆ ಎಂಬ ಪ್ರಶ್ನೆಯನ್ನು ಬೇಲಿ ಹಾಕುವವನು ಕೇಳಿಕೊಳ್ಳುವುದಿಲ್ಲ, ಕೇಳಿಕೊಳ್ಳುವ ಸ್ಥಿತಿಯಲ್ಲೂ ಇರುವುದಿಲ್ಲ. ಸಾಲ ಮಾಡಿ ಎಲೆಕೋಸು ನೆಟ್ಟಿರುತ್ತಾನೆ. ಅವನನ್ನು ಸ್ವಾರ್ಥಿ ಎನ್ನುವುದು ಸುಲಭ. ನಮ್ಮ ಊರಿನ ಜಗಳದಲ್ಲಿ ಪಕ್ಕದ ಹೊಲದವರು ಹಾಗೆಯೇ ಅಂದರು. ಬೇಲಿಯವರು ತಿರುಗಿ ಕೇಳಿದ್ದು ಹೀಗೆ: "ಅಣ್ಣ, ಹೋದ ವರ್ಷ ನನ್ನ ಹೊಲ ಪೂರ್ತಿ ಹೋದಾಗ ನಿನ್ನ ರಾಗಿ ಉಳಿದಿತ್ತಲ್ಲ, ಆಗ ನೀನು ಯಾಕೆ ಸಭೆ ಕರೆಯಲಿಲ್ಲ?" ಉತ್ತರವಿರಲಿಲ್ಲ. ಮಾತು ಮುಂದೆ ಸಾಗಿದ್ದು ಆ ಪ್ರಶ್ನೆಯ ಮೇಲೆಯೇ.

ನಾವು ಕೊನೆಗೆ ಒಪ್ಪಿಕೊಂಡ ಕ್ರಮ ಇದು. ಕಾಡಂಚಿನ ಉದ್ದಕ್ಕೂ ಗೋಡೆಯಂತೆ ಬೇಲಿ ಎಳೆಯುವುದಿಲ್ಲ. ಒಬ್ಬೊಬ್ಬರ ಹೊಲಕ್ಕೂ ಬೇರೆ ಬೇರೆ ಬೇಲಿಯೂ ಇಲ್ಲ. ಅಕ್ಕಪಕ್ಕದ ಹತ್ತು ಹನ್ನೆರಡು ಹೊಲಗಳನ್ನು ಒಂದು ಗುಂಪಾಗಿ ಮಾಡಿ ಅದಕ್ಕೆ ಸುತ್ತ ಒಂದೇ ಬೇಲಿ. ಅಂಥ ಎರಡು ಗುಂಪುಗಳ ನಡುವೆ, ನಕ್ಷೆಯಲ್ಲಿ ಹಿಂಡಿನ ಹೆಜ್ಜೆ ಇರುವಲ್ಲಿ, ಆನೆಗೆಂದೇ ಒಂದು ಓಣಿ. ಹಳ್ಳದ ಗುಂಟ ಬಿಟ್ಟರೆ ಒಳ್ಳೆಯದು, ಅಲ್ಲಿ ಹೇಗೂ ಪುರಂಬೋಕು, ಅಂದರೆ ಸರ್ಕಾರಿ ಜಾಗ ಸ್ವಲ್ಪ ಇರುತ್ತದೆ. ಓಣಿ ಕಿರಿದಾದರೆ ಎರಡೂ ಬದಿಯ ತಂತಿ ಕಂಡು ಮರಿಗಳಿರುವ ಹಿಂಡು ಒಳಗೆ ಕಾಲಿಡಲು ಅಂಜುತ್ತದೆ. ಎಷ್ಟು ಅಗಲ ಎಂಬುದನ್ನು ಅಡಿಕೋಲಿನಿಂದ ತೀರ್ಮಾನಿಸಬೇಡಿ, ಹೆಜ್ಜೆಗಳು ಎಷ್ಟು ಅಗಲಕ್ಕೆ ಹರಡಿವೆ ಎಂದು ನಡೆದಾಗ ಬರೆದುಕೊಂಡದ್ದನ್ನು ನೋಡಿ. ಓಣಿಯೊಳಗೆ ಬಾಳೆ, ಕಬ್ಬು, ಹಲಸು ಬೇಡ. ಕಬ್ಬಿನ ರುಚಿ ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಆಸನೂರು, ಕಾರಪಳ್ಳ ಚೆಕ್‌ಪೋಸ್ಟ್ ಸುತ್ತ ಕಬ್ಬಿನ ಲಾರಿಗೆ ಅಡ್ಡ ನಿಂತು ಜಲ್ಲೆ ಎಳೆದುಕೊಳ್ಳುವ ಆನೆಗಳೇ ಸಾಕ್ಷಿ. ಮೊದಲು ಲಾರಿಯವರು ತಾವಾಗಿ ಎಸೆದರು, ಈಗ ಆನೆಗಳು ಸುಂಕ ವಸೂಲಿ ಮಾಡುತ್ತಿವೆ.

ಓಣಿಗೆ ಜಾಗ ಬಿಟ್ಟವನಿಗೆ ಏನು ಸಿಗುತ್ತದೆ? ಇದನ್ನು ತೀರ್ಮಾನಿಸದೆ ಎದ್ದರೆ ಒಪ್ಪಂದ ಒಂದು ಬೆಳೆಯ ತನಕವೂ ಬಾಳುವುದಿಲ್ಲ. ನಾವು ಮಾಡಿದ್ದು ಹೀಗೆ: ಬೇಲಿಯೊಳಗಿನವರು ಎಕರೆಗೆ ಇಷ್ಟು ಎಂದು ಸುಗ್ಗಿಯ ನಂತರ ಕೂಡಿಸಿ ಓಣಿಯವನಿಗೆ ಆ ತುಂಡಿನ ಗುತ್ತಿಗೆ ದರವನ್ನು ಕೊಡುವುದು. ಮೊದಲ ವರ್ಷ ಇಬ್ಬರು ಕೊಡಲಿಲ್ಲ. ಎರಡನೆಯ ವರ್ಷದಿಂದ ಸುಗ್ಗಿಗೆ ಮೊದಲೇ, ಬೇಲಿಯ ಬ್ಯಾಟರಿ ಖರ್ಚಿನ ಜೊತೆ ಸೇರಿಸಿ ವಸೂಲಿ ಮಾಡಲು ಶುರು ಮಾಡಿದೆವು. ನಂಬಿಕೆ ದೊಡ್ಡದು, ಆದರೆ ಮುಂಗಡ ಇನ್ನೂ ದೊಡ್ಡದು.

ಬೇಲಿಯ ತಾಂತ್ರಿಕ ಸಂಗತಿಗಳಲ್ಲಿ ಮೂರು ಮಾತು. ಒಂದು, ಮನೆಯ ಕರೆಂಟಿನಿಂದ ನೇರ ತಂತಿ ಎಳೆಯುವುದು ಅಪರಾಧ, ಕೊಲೆ. 2023ರ ಮಾರ್ಚ್‌ನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಅಂಥ ತಂತಿಗೆ ಮೂರು ಆನೆಗಳು ಸತ್ತವು, ಎರಡು ಮರಿಗಳು ಉಳಿದವು. ಆನೆಗೆ ಕಟ್ಟಿದ ತಂತಿಗೆ ನೀರು ಕಟ್ಟಲು ಹೋದ ಮನುಷ್ಯರೂ ಸಿಕ್ಕುತ್ತಾರೆ. ಎರಡು, ಅದೇ ವರ್ಷ ತಮಿಳುನಾಡು ಸರ್ಕಾರ ವಿದ್ಯುತ್ ಬೇಲಿಗಳ ನೋಂದಣಿಗೆ ನಿಯಮ ತಂದಿತು. ಮೀಸಲು ಅರಣ್ಯದಿಂದ 5 ಕಿ.ಮೀ. ಒಳಗೆ ಹೊಸ ಬೇಲಿಗೆ ಅರಣ್ಯ ಇಲಾಖೆಯ ಮುಂಗಡ ಅನುಮತಿ ಬೇಕು, ಹಳೆಯ ಬೇಲಿಯನ್ನೂ ನೋಂದಾಯಿಸಬೇಕು. ತಾಳವಾಡಿಯಲ್ಲಿ ಕಾಡಂಚಿನ ಊರು ಯಾವುದೂ ಇದರಿಂದ ಹೊರಗಿಲ್ಲ. ಗುಂಪು ಬೇಲಿಗೆ ಒಂದೇ ಅರ್ಜಿ ಹಾಕಿದರೆ ಅಲೆದಾಟ ಕಡಿಮೆ.

ಮೂರನೆಯದು ಹುಲ್ಲು. ಸೋಲಾರ್ ಬೇಲಿ ಕೊಡುವುದು ಕ್ಷಣಮಾತ್ರದ ಹೊಡೆತ. ಮಳೆಗಾಲದಲ್ಲಿ ಬೆಳೆದ ಹುಲ್ಲು, ಲಂಟಾನ ತಂತಿಗೆ ತಾಗಿದರೆ ಆ ಹೊಡೆತ ನೆಲಕ್ಕೆ ಸೋರಿಹೋಗುತ್ತದೆ. ದಂತಕ್ಕೆ ಶಾಕ್ ತಾಗುವುದಿಲ್ಲ ಎಂದು ಸಲಗಗಳಿಗೆ ಗೊತ್ತು, ಕಂಬ ಎಲ್ಲಿ ಸಡಿಲ ಎಂಬುದೂ ಗೊತ್ತು. ಬೇಲಿ ಸತ್ತದ್ದು ನಮಗಿಂತ ಮೊದಲು ಅವಕ್ಕೆ ತಿಳಿಯುತ್ತದೆ. ಆದ್ದರಿಂದ ಹುಲ್ಲು ಸವರುವ ಸರದಿ, ಟೆಸ್ಟರ್ ಹಿಡಿದು ಸಂಜೆ ಸುತ್ತುವ ಸರದಿ, ಬ್ಯಾಟರಿ ಯಾರ ಮನೆಯಲ್ಲಿ ಎಂಬುದು ಎಲ್ಲವೂ ಒಪ್ಪಂದದಲ್ಲಿ ಹೆಸರು ಸಮೇತ ಬರಲಿ. ಕಂದಕವೂ ಹೀಗೆಯೇ. ತೋಡಿದ ವರ್ಷ ಬಲು ಚೆಂದ. ಎರಡು ಮಳೆಗೆ ಅಂಚು ಕುಸಿದು ಆನೆಗೆ ಇಳಿಜಾರು ಮೆಟ್ಟಿಲಾಗುತ್ತದೆ.

ಒಪ್ಪಂದದ ಕಾಗದ ಉದ್ದ ಬೇಕಿಲ್ಲ. ನಮ್ಮದು ಹೀಗಿದೆ: "ಕೆಳಗೆ ಸಹಿ ಮಾಡಿದವರಾದ ನಾವು ಇಂಥ ಸರ್ವೆ ನಂಬರುಗಳ ಸುತ್ತ ಜಂಟಿ ಬೇಲಿ ಹಾಕಿಕೊಳ್ಳುತ್ತೇವೆ. ಹಳ್ಳದ ಗುಂಟ ಕಲ್ಲು ನೆಟ್ಟು ಗುರುತಿಸಿದ ಓಣಿಯನ್ನು ಮುಚ್ಚುವುದಿಲ್ಲ, ಅದರಲ್ಲಿ ಬೆಂಕಿ ಹಾಕುವುದಿಲ್ಲ, ವಾಹನ ನಿಲ್ಲಿಸುವುದಿಲ್ಲ. ಓಣಿಯ ಹಣವನ್ನು ಬ್ಯಾಟರಿ ಹಣದ ಜೊತೆ ಕೊಡುತ್ತೇವೆ. ಈ ಒಪ್ಪಂದದಿಂದ ಯಾರ ಪಟ್ಟಾ ಹಕ್ಕಿಗೂ ಬದಲಾವಣೆ ಇಲ್ಲ. ಒಂದು ವರ್ಷ ಕಳೆದ ಮೇಲೆ ಮತ್ತೆ ಕೂತು ನೋಡುತ್ತೇವೆ." ಕೊನೆಯ ಎರಡು ವಾಕ್ಯಗಳಿಲ್ಲದೆ ನಮಗೆ ಒಂದು ಸಹಿಯೂ ಸಿಗುತ್ತಿರಲಿಲ್ಲ.

ಪರಿಹಾರದ ಕಾಗದ

ಬೆಳೆ ಹೋದ ಬೆಳಿಗ್ಗೆ ಹೊಲವನ್ನು ಸರಿಪಡಿಸಬೇಡಿ. ಮೊದಲು ನಾಲ್ಕೂ ಮೂಲೆಯಿಂದ ಚಿತ್ರ, ಹೆಜ್ಜೆಯ ಪಕ್ಕ ಕುಡುಗೋಲು ಇಟ್ಟು ಒಂದು ಚಿತ್ರ, ಆಮೇಲೆ ಗಾರ್ಡ್‌ಗೆ ಮತ್ತು ವಿ.ಎ.ಓ.ಗೆ (ಊರಿನ ಕಂದಾಯ ಅಧಿಕಾರಿ) ಫೋನ್. ಚಿಟ್ಟಾ (ಜಮೀನಿನ ದಾಖಲೆ), ಅಡಂಗಲ್ (ಬೆಳೆಯ ದಾಖಲೆ), ಬ್ಯಾಂಕ್ ಪುಸ್ತಕದ ಪ್ರತಿಗಳನ್ನು ಸುಗ್ಗಿಗೆ ಮೊದಲೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿರಿ. ಅಡಂಗಲ್‌ನಲ್ಲಿ ಕಳೆದ ವರ್ಷದ ಬೆಳೆಯ ಹೆಸರೇ ಉಳಿದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಹೆಚ್ಚು ಜಗಳ ತರುವುದು ಗುತ್ತಿಗೆ ಹೊಲ. ಬೀಜ, ಗೊಬ್ಬರ, ಕೂಲಿ ಎಲ್ಲ ಗುತ್ತಿಗೆಯವನದು. ಪರಿಹಾರ ಹೋಗುವುದು ಪಟ್ಟಾದಾರನ ಖಾತೆಗೆ. ಒಂದು ವರ್ಷ ನಮ್ಮಲ್ಲಿ ಇದಕ್ಕಾಗಿ ಅಣ್ಣತಮ್ಮಂದಿರ ಮಕ್ಕಳೇ ಹೊಡೆದಾಡಿದರು. ಗುತ್ತಿಗೆ ಮಾತಾಗುವ ದಿನವೇ "ಆನೆ ಪರಿಹಾರ ಬಂದರೆ ಬೆಳೆ ಇಟ್ಟವನಿಗೆ" ಎಂದು ಒಂದು ಸಾಲು ಬರೆಸಿಕೊಳ್ಳಿ.

ರಾತ್ರಿ

ಒಂದೇ ನಿಯಮ ಸಾಕು: ಆನೆಯನ್ನು ಓಡಿಸುವವರಿಗೆ ಅದು ಎಲ್ಲಿಗೆ ಹೋಗಬೇಕು ಎಂದು ಗೊತ್ತಿರಬೇಕು. ಓಣಿಯ ಬಾಯಿಯ ಕಡೆ ಜನ ನಿಲ್ಲಬಾರದು, ಟಾರ್ಚ್ ಹಾಯಿಸಬಾರದು. ನಾಲ್ಕೂ ಕಡೆ ಪಟಾಕಿ ಹೊಡೆದು ಮರಿಗಳಿರುವ ಹಿಂಡನ್ನು ನಡುವೆ ಸಿಕ್ಕಿಸಿದರೆ ಅದು ನುಗ್ಗುವುದು ಮನುಷ್ಯರ ಮೇಲೆಯೇ. ಕುಡಿದವರನ್ನು ಕಾವಲಿಗೆ ಕಳಿಸಬೇಡಿ. ಮೊಬೈಲ್ ಹಿಡಿದು ವಿಡಿಯೊ ಮಾಡಲು ಬರುವ ಹುಡುಗರನ್ನು ಇನ್ನೂ ದೂರ ಇಡಿ.

ರಸ್ತೆಯ ಮಾತು ಬೇರೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಲ್ಲಿ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗ ನಮ್ಮ ತರಕಾರಿ ಬೆಳೆದವರು ಪ್ರತಿಭಟಿಸಿದರು. ಕೊಯ್ದ ತರಕಾರಿ ಬೆಳಗಿನ ಮಾರುಕಟ್ಟೆಗೆ ಇಳಿಯಬೇಕು, ಅದು ಹೊಟ್ಟೆಪಾಡು. ಆ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕು ಪ್ರಾಣಿಗಳು ಸಾಯುತ್ತಿದ್ದದ್ದೂ ಅಷ್ಟೇ ನಿಜ. ಊರಿನ ಬೇಲಿ ಸಭೆಗೆ ಇದನ್ನು ತರಬೇಡಿ. ಅಲ್ಲಿ ಇದಕ್ಕೆ ಉತ್ತರವಿಲ್ಲ, ಸಿಟ್ಟು ಮಾತ್ರ ಏರುತ್ತದೆ. ಇದಕ್ಕೆ ಬೇರೆ ಅರ್ಜಿ, ಬೇರೆ ದಿನ.

ಮಾತು ಮುರಿದರೆ

ಮುರಿಯುತ್ತದೆ. ಆಗ ಗ್ರಾಮಸಭೆಗೆ ಹೋಗಿ. ತಮಿಳುನಾಡಿನಲ್ಲಿ ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1ರಂದು ಗ್ರಾಮಸಭೆಗಳಿವೆ. ರಾಗಿ ಬಲಿಯುವುದಕ್ಕೆ ಮೊದಲು ಬರುವ ಆಗಸ್ಟ್ 15ನ್ನು ಬಿಡಬೇಡಿ. ಓಣಿ, ಜಂಟಿ ಬೇಲಿ, ಬಳ್ಳಾರಿ ಜಾಲಿ ಮತ್ತು ಲಂಟಾನ ತೆರವು ಇವನ್ನು ಠರಾವಿನಲ್ಲಿ ಬರೆಸಿ. ಕಾಡಿನೊಳಗೆ ಮೇವು ಕೊಲ್ಲುವ ಆ ಕಳೆ ತೆಗೆಯದೆ ಆನೆಗೆ ಕಾಡಿನಲ್ಲಿಯೇ ಇರು ಎಂದರೆ ಅದೇನು ತಿನ್ನಬೇಕು? ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಹಾಡಿಗಳಿರುವ ಕಡೆ 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕಾಡು, ವನ್ಯಜೀವಿ ಕಾಯುವ ಅಧಿಕಾರವನ್ನೂ ಕೊಡುತ್ತದೆ. ಅಲ್ಲಿ ಸೋಲಿಗರ, ಊರಾಳಿಗಳ ಸಭೆಯನ್ನು ಬದಿಗಿಟ್ಟು ದಾರಿ ತೀರ್ಮಾನಿಸುವುದು ಕಾನೂನಿಗೂ ನಿಲ್ಲುವುದಿಲ್ಲ. ಜಿಲ್ಲಾಧಿಕಾರಿಗಳ ರೈತರ ಅಹವಾಲು ದಿನ ತಿಂಗಳಿಗೊಮ್ಮೆ ಈರೋಡಿನಲ್ಲಿ ನಡೆಯುತ್ತದೆ. ಅಲ್ಲಿ ಐದು ಊರಿನವರು ಐದು ಅರ್ಜಿ ಕೊಡುವ ಬದಲು ಒಂದೇ ನಕ್ಷೆಯ ಮೇಲೆ ಐದು ಊರಿನ ಸಹಿ ಹಾಕಿ ಕೊಡಿ, ತಮಿಳಿನಲ್ಲಿ.

ಜಮೀನು ಮಾರುವ ಮಾತು ಬಂದರೆ ಹೌಹಾರಬೇಡಿ, ಹಾರಿ ಬೀಳಲೂ ಬೇಡಿ. ನಮ್ಮ ನೆರೆಯಲ್ಲೇ, ಕರ್ನಾಟಕದ ಎಡೆಯಾರಹಳ್ಳಿ–ದೊಡ್ಡಸಂಪಿಗೆ ದಾರಿಯಲ್ಲಿ, ಒಂದು ವನ್ಯಜೀವಿ ಸಂಸ್ಥೆ ಸುಮಾರು 25 ಎಕರೆ ಖಾಸಗಿ ಜಮೀನನ್ನು ಹಣ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ವಹಿಸಿದ್ದುಂಟು. ವಯಸ್ಸಾದವರು, ಮಕ್ಕಳು ತಿರುಪ್ಪೂರಿಗೋ ಬೆಂಗಳೂರಿಗೋ ಹೋಗಿಬಿಟ್ಟವರು ತಾವಾಗಿ ಮಾರಬಯಸಿದರೆ ಅದು ಅವರ ಹಕ್ಕು. ಅದನ್ನು ಊರಿನ ಒಪ್ಪಂದಕ್ಕೆ ತಳುಕು ಹಾಕಬೇಡಿ, ಮಾರದವರ ಮೇಲೆ ಒತ್ತಡ ತರಲು ಉದಾಹರಣೆಯಾಗಿ ಬಳಸಲು ಯಾರಿಗೂ ಬಿಡಬೇಡಿ.

ಕೋರ್ಟು ಕೊನೆಗೆ. ಹೋಗುವುದಾದರೆ ನಕ್ಷೆ, ದಿನಾಂಕವಿರುವ ಚಿತ್ರಗಳು, ಎರಡು ಭಾಷೆಯ ನಡಾವಳಿ ಪುಸ್ತಕ ಜೊತೆಗಿರಲಿ.

ನಮ್ಮ ಪುಸ್ತಕ ಈಗ ಊರಿನ ಚಹಾ ಅಂಗಡಿಯಲ್ಲಿದೆ. ಓಣಿಯಲ್ಲಿ ಹೆಜ್ಜೆ ಕಂಡವರು ಬೆಳಿಗ್ಗೆ ಚಹಾಕ್ಕೆ ಬಂದಾಗ ತಾರೀಖು, ಎಷ್ಟು ಆನೆ, ಯಾವ ಕಡೆ ಹೋದವು ಎಂದು ಬರೆಯುತ್ತಾರೆ. ಬರೆಯಲು ಬಾರದವರು ಹೇಳುತ್ತಾರೆ, ಅಂಗಡಿಯಾಕೆ ಬರೆಯುತ್ತಾಳೆ. ಹೋದ ಮಾರ್ಗಶಿರದ ಒಂದು ಪುಟದಲ್ಲಿ ಹದಿನಾರನೆಯ ಸಾಲು ಬೇಲಿ ಹಾಕಿಸಿದ ಆ ಮನೆಯವರದು, ಹದಿನೇಳನೆಯದು ಪಕ್ಕದ ಹೊಲದವರದು. ಇಬ್ಬರೂ ಒಂದೇ ಹಿಂಡನ್ನು ನೋಡಿದ್ದಾರೆ. ಒಬ್ಬರು ಏಳು ಎಂದಿದ್ದಾರೆ, ಇನ್ನೊಬ್ಬರು ಎಂಟು. ಮರಿಯನ್ನು ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂದು ಅಂಗಡಿಯ ಬೆಂಚಿನ ಮೇಲೆ ಅವರಿಬ್ಬರೂ ಬಹಳ ಹೊತ್ತು ವಾದ ಮಾಡಿದರಂತೆ.